ಗಾಡಿ ಓಡ್ಸೋದು, ತಲೆ ಓಡ್ಸೋದು

ಎರಡು ಚಳಿಗಾಲದ ಹಿಂದಿನ ಮಾತು. ಫಿನ್‌ಲ್ಯಾಂಡಿನ ಎಸ್ಪೋದಲ್ಲಿ ಡ್ರೈವಿಂಗ್ ಕಲೀತಿದ್ದೆ, ಒಂದಿನ ಮೇಷ್ಟ್ರು ಜಾರೋ ಟ್ರ್ಯಾಕಿಗೆ ಕರ್ಕೊಂಡು ಹೋದ್ರು. ಅಲ್ಲಿ ಬೇಕಂತಲೇ ಕಾರು ಜಾರೋ ಹಾಗೆ ಮಾಡಿ ಅದನ್ನ ಮತ್ತೆ ಹಿಡಿತಕ್ಕೆ ತರೋದು ಹೇಗೆ ಅಂತ ಕಲಿಸ್ತಾರೆ. ಮೂರನೇ ಸಲ ಕಾರು ಪಕ್ಕಕ್ಕೆ ತಿರುಗಿದಾಗ ನಾನು ಬ್ರೇಕ್ ಮೊದಲಾ ಸ್ಟೇರಿಂಗ್ ಮೊದಲಾ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ತಾ ಗಟ್ಟಿಯಾಗಿ ಸ್ಟೇರಿಂಗ್ ಹಿಡ್ಕೊಂಡು ಕೂತ್ಬಿಟ್ಟೆ. ಮೇಷ್ಟ್ರು ದನಿ ಏರಿಸಲಿಲ್ಲ, ಎರಡೇ ಮಾತು ಹೇಳಿದ್ರು: "ಆ್ಯಲ್ಯ ಅಯತ್ತೆಲೆ. ಅಯ."

ಯೋಚ್ನೆ ಮಾಡ್ಬೇಡ. ಓಡ್ಸು.

ಕಾರು ನೇರ ಆಯ್ತು. ಆದ್ರೆ ಮನೆಗೆ ಬರೋ ಬಸ್ಸಲ್ಲಿ ಆ ಎರಡು ಪದ ನನ್ನ ಬಿಡ್ಲಿಲ್ಲ. ಅಯತ್ತೆಲೆ, ಅಯ. ಒಂದರ ಹೊಟ್ಟೆಯೊಳಗೆ ಇನ್ನೊಂದು ಕೂತಿದೆ ಅಂತ ಕಿವಿಗೇ ಗೊತ್ತಾಗ್ತಿತ್ತು. ಬೇಡ ಅಂದಿದ್ದೂ ಮಾಡು ಅಂದಿದ್ದೂ ಒಂದೇ ಬೇರಿನ ಎರಡು ಕ್ರಿಯಾಪದ ಆಗಿರಬಹುದಾ? ರಾತ್ರಿ ಊಟ ಮುಗಿಸಿ ಡಿಕ್ಷನರಿ ತೆಗೆದು ಕೂತೆ, ಅವತ್ತಿಂದ ಇವತ್ತಿನವರೆಗೆ ಆ ಪದದ ಹಿಂದೆ ಬಿದ್ದಿದ್ದೀನಿ. ಅಲ್ಲಿ ಸಿಕ್ಕಿದ್ದು ನನ್ನ ಮಟ್ಟಿಗೆ ಬಹಳ ದೊಡ್ಡದು, ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಮೊದಲು ಪದ. ಫಿನ್ನಿಶಲ್ಲಿ "ಅಯಾ" ಅಂದ್ರೆ ಓಡಿಸು. ಬರೆಯೋವಾಗ ನಡುವೆ ಇಂಗ್ಲಿಷ್ ಜೆ ಅಕ್ಷರ ಬರುತ್ತೆ, ಆದ್ರೆ ಫಿನ್‌ಲ್ಯಾಂಡಿನವರು ಅದನ್ನ ಯ ಅಂತಲೇ ಹೇಳೋದು. ಈ ಜೆ ಮುಂದೆ ಕೆಲಸಕ್ಕೆ ಬರುತ್ತೆ, ನೆನಪಿರಲಿ. ನಾನು ಓಡಿಸ್ತೀನಿ ಅನ್ನೋಕೆ "ಅಯನ್", ಓಡಿಸಿದೆ ಅನ್ನೋಕೆ "ಅಯೊಯಿನ್". ಶುರುಶುರುವಲ್ಲಿ ಒಂದು ಗೊಂದಲ ಆಗ್ತಿತ್ತು, ಯಾಕಂದ್ರೆ ಕಾಲ ಅನ್ನೋದಕ್ಕೆ "ಐಕ" ಅಂತಾರೆ, ಕಾಲದ ಅನ್ನೋ ಷಷ್ಠಿ ರೂಪ ಕೂಡ "ಅಯನ್" ಅಂತಲೇ ಆಗುತ್ತೆ, ಹೊಸದಾಗಿ ಕಲಿಯೋರು ಎರಡನ್ನೂ ಒಂದೇ ಅಂದ್ಕೋತಾರೆ. ಅದು ಬೇರೆ ಪದ, ನಂಟಿಲ್ಲ.

ಕಾರು, ಸೈಕಲ್ಲು, ಟ್ರ್ಯಾಕ್ಟರು ಎಲ್ಲಕ್ಕೂ ಅಯಾ. ಅಷ್ಟೇ ಆಗಿದ್ರೆ ಇಲ್ಲಿಗೇ ಬಿಡ್ತಿದ್ದೆ. ಗಡ್ಡ ತೆಗೆಯೋದಕ್ಕೂ "ಅಯಾ ಪರ್ತ" ಅಂತಾರೆ, ಗಡ್ಡ ಓಡಿಸೋದು, ಅಂದ್ರೆ ಮುಖದ ಮೇಲಿಂದ ಅಟ್ಟೋದು. ಕಂಪ್ಯೂಟರಲ್ಲಿ ಪ್ರೋಗ್ರಾಂ ರನ್ ಮಾಡೋದೂ ಅಯಾನೇ. "ಅಯುರಿ" ಅಂದ್ರೆ ಹಿಂದೆ ಹೆಲ್ಸಿಂಕಿ ಬೀದಿಯ ಬಾಡಿಗೆ ಕುದುರೆಗಾಡಿಯವನು, ಈಗ ನಾವು ಪ್ರಿಂಟರ್ ಡ್ರೈವರ್ ಅಂತೀವಲ್ಲ ಆ ಸಾಫ್ಟ್‌ವೇರಿಗೂ ಅಯುರಿ. ಲಾಯರಿಗೆ "ಅಸಿಯನ್‌ಅಯಯ": ಅಸಿಯ ಅಂದ್ರೆ ವಿಷಯ, ವ್ಯಾಜ್ಯ, ಅದನ್ನ ಓಡಿಸೋನು. ಕೋರ್ಟಲ್ಲಿ ಕೇಸು ನಡೆಸ್ತಾರೆ ಅಂತ ನಾವೂ ಹೇಳ್ತೀವಲ್ವಾ, ಹಾಗೇ. ಮೊಲ ನರಿ ಬೇಟೆಗೆ ಹೋಗೋ ಅವರ ದೇಶದ ತಳಿಯ ನಾಯಿ ಇದೆ, ಹೆಸರು "ಸುವೊಮೆನ್‌ಅಯೊಕೊಯ್ರ", ಅಂದ್ರೆ ಫಿನ್‌ಲ್ಯಾಂಡಿನ ಅಟ್ಟೋ ನಾಯಿ. ಮೂಸಿಕೊಂಡು ಬೊಗಳ್ತಾ ಪ್ರಾಣೀನ ಎಬ್ಬಿಸಿ ಓಡಿಸ್ತಾ ಹೋಗೋದು ಅದರ ಕೆಲಸ.

ಈ ಪಟ್ಟೀಲಿ ನಂಗೆ ಬಹಳ ಇಷ್ಟ ಆಗಿದ್ದು "ಅಯಾ ತಕಾ". ತಕಾ ಅಂದ್ರೆ ಹಿಂದಿನಿಂದ. ಹಿಂದಿನಿಂದ ಓಡಿಸೋದು, ಅಂದ್ರೆ ಬೆನ್ನಟ್ಟೋದು. ನಮ್ಮ ಬೆನ್ನಟ್ಟು ಕೂಡ ಹಾಗೇ ಆಗಿರೋದಲ್ವಾ, ಬೆನ್ನು ಪ್ಲಸ್ ಅಟ್ಟು. ಮಾತಾಡ್ತಾ ಕೂತಾಗ ಎದುರಿನವರ ಮಾತು ಎಲ್ಲಿಗೆ ಹೋಗ್ತಿದೆ ಅಂತ ತಿಳೀದಿದ್ರೆ "ಮಿತ್ಯ ಅಯತ್ ತಕಾ?" ಅಂತ ಕೇಳ್ತಾರೆ. ಏನನ್ನ ಬೆನ್ನಟ್ತಿದ್ದೀಯ, ಅಂದ್ರೆ ಏನ್ ಹೇಳೋಕೆ ಹೊರಟಿದ್ದೀಯ. ನೋಡಿ, ಬೇಟೆ ಆಗ್ಲೇ ತಲೆಯೊಳಗೆ ಬಂದ್ಬಿಡ್ತು.

ಈಗ ಎಲ್ಲಿಂದ ಬಂತು ಅನ್ನೋ ಪ್ರಶ್ನೆ. ಫಿನ್ನಿಶ್ ಯುರಾಲಿಕ್ ಕುಟುಂಬದ ಭಾಷೆ. ಎಸ್ಟೋನಿಯನ್, ಸಾಮಿ, ದೂರದಲ್ಲಿ ಹಂಗೇರಿಯನ್ ಇವೆಲ್ಲ ಅದರ ಬಂಧುಗಳು, ಸಂಸ್ಕೃತ ಲ್ಯಾಟಿನ್ ಇಂಗ್ಲಿಷ್ ಇರೋ ಇಂಡೋ-ಯುರೋಪಿಯನ್ ಕುಟುಂಬಕ್ಕೆ ಸೇರಿದ್ದಲ್ಲ. ಕನ್ನಡ ಹೇಗೆ ದ್ರಾವಿಡ ಮನೆಯದಾಗಿದ್ರೂ ಪಕ್ಕದ ಮನೆಯಿಂದ ಸಾವಿರಾರು ಪದ ತಂದಿಟ್ಕೊಂಡಿದೆಯೋ ಫಿನ್ನಿಶ್ ಕೂಡ ಹಾಗೇ. ನೂರು ಅನ್ನೋಕೆ ಅವರು "ಸತ" ಅಂತಾರೆ, ನಮ್ಮ ಶತ. ಸುತ್ತಿಗೆಗೆ "ವಸರ", ಇಂದ್ರನ ಆಯುಧ ವಜ್ರದ ಬಂಧು. ಬೆಲೆಗೆ "ಅರ್ವೊ", ನಾವು ಅರ್ಘ್ಯ ಅಂತೀವಲ್ಲ ಆ ಅರ್ಘ. ನವೆಂಬರ್ ತಿಂಗಳಿಗೆ "ಮರ್ರಸ್‌ಕೂ", ಇದರ ಮರ್ರಸ್ ನಮ್ಮ ಮೃತದ ನಂಟು, ಎಲೆ ಉದುರಿ ಬೆಳಕು ಸತ್ತ ತಿಂಗಳು. ಇವೆಲ್ಲ ವೋಲ್ಗಾ, ಯುರಾಲ್ ಕಡೆಯ ಕಾಡಲ್ಲಿದ್ದ ಯುರಾಲಿಕ್ ಜನ ಸಂಸ್ಕೃತದ ಪೂರ್ವಜ ಮಾತು ಆಡ್ತಿದ್ದ ದಕ್ಷಿಣದ ಹುಲ್ಲುಗಾವಲಿನ ಜನರಿಂದ ತಗೊಂಡಿದ್ದು, ಸುಮಾರು 4000 ವರ್ಷದ ಹಿಂದಿನ ವ್ಯವಹಾರ. ಯುರಾಲ್ ಬೆಟ್ಟದ ದಕ್ಷಿಣಕ್ಕೆ ಸಿಂತಾಷ್ಟಾ ಅನ್ನೋ ಕಡೆ ಹೆಣದ ಜೊತೆ ಕುದುರೆ, ರಥ ಹೂತಿರೋ ಸಮಾಧಿಗಳು ಸಿಕ್ಕಿವೆ, ಜಗತ್ತಲ್ಲಿ ಇದುವರೆಗೆ ಸಿಕ್ಕಿರೋ ಅತ್ಯಂತ ಹಳೇ ರಥಗಳು ಅಂತ ಎಣಿಸೋದು ಅವನ್ನೇ.

ಅಯಾ ಕೂಡ ಆ ಹುಲ್ಲುಗಾವಲಿನ ಕಡೆಯಿಂದ ಬಂದ ಪದ ಅಂತ ಬಹಳ ವಿದ್ವಾಂಸರು ಹೇಳ್ತಾರೆ, ಆದ್ರೆ ಶತ ವಜ್ರಗಳಿಗಿಂತ ಹಳೇದು ಅನ್ನೋರೂ ಇದ್ದಾರೆ, ಯಾವ ಹಂತದಲ್ಲಿ ಬಂತು ಅಂತ ಈಗಲೂ ಚರ್ಚೆ ಇದೆ. ಅದರ ಮೂಲ ಧಾತು ಇಂಡೋ-ಯುರೋಪಿಯನ್ ಮನೇಲಿ ಎಲ್ಲಾ ಕಡೆ ಸಿಗುತ್ತೆ. ಸಂಸ್ಕೃತದಲ್ಲಿ "ಅಜತಿ", ಓಡಿಸ್ತಾನೆ, ಅಟ್ಟುತ್ತಾನೆ. ಲ್ಯಾಟಿನ್ ಮತ್ತೆ ಗ್ರೀಕಲ್ಲಿ "ಅಗೋ". ಸ್ಕ್ಯಾಂಡಿನೇವಿಯಾದ ಹಳೇ ನಾರ್ಸ್ ಭಾಷೇಲಿ "ಅಕ". ಮೂಲದಲ್ಲಿದ್ದ ವ್ಯಂಜನ ಗ ಮತ್ತೆ ಯ ಎರಡರ ನಡುವೆ, ನಾಲಿಗೇನ ಅಂಗುಳಿಗೆ ತಾಗಿಸಿ ಹೇಳೋ ಗ್ಯ ಥರದ್ದು ಅಂತಾರೆ. ಸಂಸ್ಕೃತದಲ್ಲಿ ಅದು ಜ ಆಯ್ತು, ಲ್ಯಾಟಿನಲ್ಲಿ ಗ ಆಯ್ತು, ಯುರಾಲಿಕ್ ಜನರ ಬಾಯಲ್ಲಿ ಆ ಶಬ್ದವೇ ಇರ್ಲಿಲ್ಲ, ಹತ್ತಿರ ಇದ್ದ ಯ ಹಾಕ್ಕೊಂಡ್ರು. ಬರೆಯೋದು ಜೆ, ಹೇಳೋದು ಯ, ಸಂಸ್ಕೃತದಲ್ಲಿ ಜ. ಬರೆಯೋ ಜೆ ಸಂಸ್ಕೃತದ ಜಗೆ ಹತ್ತಿರ ಕಾಣೋದು ಬರೀ ಲಿಪಿಯ ಆಕಸ್ಮಿಕ, ನಂಟು ಇರೋದು ಶಬ್ದದಲ್ಲಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಇದನ್ನ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಹಾಕ್ದಾಗ ಒಬ್ಬರು "ನೋಡಿದ್ರಾ, ಫಿನ್ನಿಶ್ ಕೂಡ ಸಂಸ್ಕೃತದಿಂದಲೇ ಹುಟ್ಟಿದ್ದು" ಅಂದ್ರು. ಇಲ್ಲ. ಅಯಾ ಸಂಸ್ಕೃತದ ಅಜತಿಯಿಂದ ಹುಟ್ಟಿದ್ದಲ್ಲ, ಸಂಸ್ಕೃತ ಅನ್ನೋ ಭಾಷೆ ರೂಪ ತಗೊಳ್ಳೋಕೆ ಮುಂಚೆಯೇ ಇದ್ದ ಇನ್ನೂ ಹಳೇ ಮಾತಿನಿಂದ ಅದು ಉತ್ತರಕ್ಕೆ ಹೋಯ್ತು, ಅದೇ ಮಾತು ಇನ್ನೊಂದು ದಾರೀಲಿ ಬಂದು ಸಂಸ್ಕೃತದಲ್ಲಿ ಅಜತಿ ಆಯ್ತು. ಇದು ಒಂದೇ ಕೆರೆಯಿಂದ ಎರಡು ಊರಿಗೆ ನೀರು ಹೋದ ಹಾಗೆ, ಒಂದು ಊರು ಇನ್ನೊಂದು ಊರಿಗೆ ನೀರು ಕೊಟ್ಟ ಹಾಗಲ್ಲ. ಸತ್ಯ ಇಷ್ಟು ಚೆನ್ನಾಗಿರೋವಾಗ ಅದಕ್ಕೆ ಬಣ್ಣ ಹಚ್ಚೋದು ನಂಗೆ ನಿಜವಾಗ್ಲೂ ಬೇಜಾರು ತರುತ್ತೆ.

ಎರವಲು ಪದ ಹಳೇದೋ ಹೊಸದೋ ಅಂತ ಹೇಗೆ ಹೇಳ್ತಾರೆ? ಕನ್ನಡ ಗೊತ್ತಿರೋರಿಗೆ ಇದು ಬೇಗ ಅರ್ಥ ಆಗುತ್ತೆ. ಪಾಲು ಹೋಗಿ ಹಾಲು ಆಯ್ತು, ಪೋಗು ಹೋಗಿ ಹೋಗು ಆಯ್ತು. ಪಕ್ಷಿ ಪ್ರಾಕೃತದ ಮೂಲಕ ಬಂದು ಪಕ್ಕಿ ಆಗಿ ಆಮೇಲೆ ಇವುಗಳ ಜೊತೆಗೇ ಹಕ್ಕಿ ಆಯ್ತು. ಅಂದ್ರೆ ಪ ಹ ಆಗೋ ಕಾಲಕ್ಕೆ ಹಕ್ಕಿ ಆಗ್ಲೇ ಮನೆಯೊಳಗಿತ್ತು. ಪೇಪರ್ ಅನ್ನೋದು ಹೇಪರ್ ಆಗಿಲ್ಲ, ಯಾಕಂದ್ರೆ ಅದು ಬಂದಿದ್ದು ಆ ಗಾಳಿ ಬೀಸಿ ಹೋದ ಮೇಲೆ. ಫಿನ್ನಿಶಲ್ಲಿ ಮೀನಿಗೆ "ಕಲ", ಉತ್ತರ ಸಾಮಿಯಲ್ಲಿ "ಗುವೊಲ್ಲಿ". ಹಳೇ ಅ ಅಲ್ಲಿ ಉವೊ ಆಗೋದು ಸಾಮಿಯ ನಿಯಮ. ಅಯಾಗೆ ಸಾಮಿಯಲ್ಲಿ ಇರೋ ಪದ "ವುವೊದ್ಯಿತ್", ಹಿಮಸಾರಂಗ ಕಟ್ಟಿದ ಜಾರುಬಂಡಿ ಓಡಿಸೋದಕ್ಕೂ ಅದೇ. ಕಲ ಹೋಗಿ ಗುವೊಲ್ಲಿ ಆದಾಗ ಇದೂ ಆಗಿದೆ, ಅಂದ್ರೆ ಫಿನ್ನಿಶ್ ಸಾಮಿ ಬೇರೆ ಬೇರೆ ಆಗೋಕೆ ಮುಂಚೆಯೇ ಈ ಪದ ಮನೆಯೊಳಗಿತ್ತು, ಹಕ್ಕಿ ಥರ. ಇನ್ನೂ ಪೂರ್ವಕ್ಕೆ, ವೋಲ್ಗಾ ಕಡೆಯ ಉದ್ಮುರ್ತ್ ಭಾಷೆಯಲ್ಲೂ ಬೆನ್ನಟ್ಟು ಅನ್ನೋ ಅರ್ಥದಲ್ಲಿ ಇದರ ಬಂಧು ಇದೆ.

ಸ್ವೀಡಿಶಿಂದ ಬಂದಿರಬಹುದಲ್ಲ ಅಂತ ಕೇಳಬಹುದು, ಫಿನ್ನಿಶಿಗೆ ಅಲ್ಲಿಂದ ಬಂದಷ್ಟು ಪದ ಬೇರೆಲ್ಲಿಂದಲೂ ಬಂದಿಲ್ಲ, ಸ್ವೀಡಿಶ್ ಇವತ್ತಿಗೂ ಆ ದೇಶದ ಎರಡನೇ ಆಡಳಿತ ಭಾಷೆ. ಸ್ವೀಡಿಶಲ್ಲಿ "ಓಕ" ಅಂತ ಒಂದು ಪದ ಇದೆ, ಗಾಡೀಲಿ ಹೋಗೋದು ಅಂತ ಅರ್ಥ, ಹಳೇ ನಾರ್ಸಿನ ಅಕದ ವಂಶ. ಅದೂ ಇದೇ ಧಾತು! ಆದ್ರೆ ಆ ಕ ಇಲ್ಲಿ ಯ ಆಗೋಕೆ ದಾರಿಯೇ ಇಲ್ಲ. ಹೆಲ್ಸಿಂಕಿಯ ಒಂದೇ ಬಸ್ ಸ್ಟಾಪಲ್ಲಿ ಒಬ್ಬರು ಅಯಾ ಅಂತಾರೆ, ಇನ್ನೊಬ್ಬರು ಓಕ ಅಂತಾರೆ, ಒಂದೇ ಹಳೇ ಧಾತು ಎರಡು ದಾರೀಲಿ, ಸಾವಿರಾರು ವರ್ಷ ಒಬ್ಬರಿಗೊಬ್ಬರ ಮುಖ ನೋಡದೆ ಬಂದು ಅಕ್ಕಪಕ್ಕ ನಿಂತಿದೆ. ಇದು ಗೊತ್ತಾದ ಮೇಲೆ ಬಸ್ ಕಾಯೋದೇ ನಂಗೆ ಬೇರೆ ಥರ ಆಗಿದೆ.

ಇನ್ನೊಂದು ವಿಷ್ಯ. ನಾಮಪದ ಎರವಲು ತಗೊಳ್ಳೋದು ಸುಲಭ, ಕ್ರಿಯಾಪದ ಕಷ್ಟ. ನಾವು ಕಾರು ಬಸ್ಸು ಅಂತ ಹಾಗೇ ತಗೋತೀವಿ, ಆದ್ರೆ ಡ್ರೈವ್ ಅನ್ನೋದಕ್ಕೆ "ಮಾಡು" ಅಂಟಿಸಲೇಬೇಕು, ಚಿಂತ್ ಅನ್ನೋದಕ್ಕೆ ಇಸು ಹಾಕಿ ಚಿಂತಿಸು ಮಾಡ್ಕೋಬೇಕು. ಇವತ್ತಿನ ಫಿನ್ನಿಶ್ ಕೂಡ ಹಾಗೇ ಮಾಡುತ್ತೆ, ಗೂಗಲ್ ಮಾಡು ಅನ್ನೋದಕ್ಕೆ "ಗೂಗ್ಲತ", ಪ್ರಿಂಟ್ ಮಾಡು ಅನ್ನೋದಕ್ಕೆ "ಪ್ರಿಂತತ", ಆ ಬಾಲ ನೋಡಿದ್ರೇ ಹೊರಗಿನದು ಅಂತ ಗೊತ್ತಾಗುತ್ತೆ. ಅಯಾಗೆ ಅಂಥ ಬಾಲವೇ ಇಲ್ಲ. ಬರೀ ಧಾತು ಬಂದು ಮನೆಯ ಮಗನ ಹಾಗೆ ಪ್ರತ್ಯಯ ಹಾಕ್ಕೊಂಡು ನಿಂತಿದೆ. 1992ರಿಂದ 2000ದವರೆಗೆ ಮೂರು ಸಂಪುಟದಲ್ಲಿ ಬಂದ ಅವರ ದೊಡ್ಡ ನಿರುಕ್ತ ಕೋಶ, ಅಂದ್ರೆ ಪದಗಳ ಮೂಲ ಹೇಳೋ ಡಿಕ್ಷನರಿ, ತಿರುವಿ ಹಾಕೋವರೆಗೆ ಸಾಮಾನ್ಯ ಫಿನ್‌ಲ್ಯಾಂಡಿಗರಿಗೆ ಇದು ಹೊರಗಿನದಿರಬಹುದು ಅಂತ ಅನುಮಾನವೂ ಬರಲ್ಲ. ನನ್ನ ಆಫೀಸಿನ ಗೆಳತಿಗೆ ಹೇಳಿದಾಗ ಅವಳು ಒಂದು ನಿಮಿಷ ಸುಮ್ಮನೆ ಕೂತಳು.

ಸರಿ, ಈಗ ನಮ್ಮ ಕಡೆ. ಅಜ್ ಧಾತು ಋಗ್ವೇದದಲ್ಲಿ ಓಡಾಡಿಕೊಂಡಿದೆ. ಎರಡನೇ ಮಂಡಲದ ಇಂದ್ರನ ಸೂಕ್ತದಲ್ಲಿ, ವಲ ಅನ್ನೋ ಅಸುರನ ಗುಹೆಯಿಂದ ಹಸುಗಳನ್ನ ಹೊರಗೆ ಹೊಡ್ಕೊಂಡು ಬಂದೋನು ಅನ್ನೋ ಕಡೆ "ಉದಾಜತ್" ಅನ್ನೋ ಪದ ಬರುತ್ತೆ, ಉದ್ ಪ್ಲಸ್ ಅಜ್. ಕನ್ನಡಕ್ಕೆ ಅಜತಿ ಬಂದಿಲ್ಲ. ಆದ್ರೆ ಅದರ ಒಂದು ಮಗು ಬಂದಿದೆ, ದಿನಾ ಪೇಪರಲ್ಲಿ ಓದ್ತೀವಿ, ಭಾಷಣದಲ್ಲಿ ಕೇಳ್ತೀವಿ. ಸಮಾಜ.

ಸಮ್ ಪ್ಲಸ್ ಅಜ್. ಒಟ್ಟಿಗೆ ಅಟ್ಟೋದು. ಸ್ಕೂಲಲ್ಲಿ ನಮಗೆ ಅಮರಕೋಶ ಬಾಯಿಪಾಠ ಮಾಡ್ಸಿದ್ರು, "ಪಶೂನಾಂ ಸಮಜೋಽನ್ಯೇಷಾಂ ಸಮಾಜಃ" ಅಂತ ಅರ್ಥ ಗೊತ್ತಿಲ್ದೇ ಹೇಳ್ತಿದ್ದೆ. ಪಶುಗಳ ಗುಂಪಾದ್ರೆ ಸಮಜ, ಬೇರೆಯವರದ್ದಾದ್ರೆ ಸಮಾಜ. ಪಾಣಿನಿ ಇದಕ್ಕಂತಲೇ ಒಂದು ಸೂತ್ರ ಇಟ್ಟಿದ್ದಾನೆ, "ಸಮುದೋರಜಃ ಪಶುಷು", ಸಮ್ ಮತ್ತೆ ಉದ್ ಜೊತೆ ಅಜ್ ಧಾತು ಬಂದು ಪಶುಗಳ ವಿಷಯ ಆದ್ರೆ ಸ್ವರ ದೀರ್ಘ ಆಗಲ್ಲ ಅಂತ. ದನದ ಮಂದೆಗೂ ಮನುಷ್ಯರ ಸಮಾಜಕ್ಕೂ ಮಧ್ಯೆ ಇರೋದು ಒಂದು ದೀರ್ಘ! ಮೂವತ್ತು ವರ್ಷ ಆದ್ಮೇಲೆ, ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ ಒಬ್ಬ ಡ್ರೈವಿಂಗ್ ಮೇಷ್ಟ್ರ ಬಾಯಿಂದ ಆ ಸಾಲಿನ ಅರ್ಥ ನಂಗೆ ತೆರ್ಕೊಳ್ತು.

ಈಗ ಅಯತ್ತೆಲೆಗೆ ಬರೋಣ. ಡಿಕ್ಷನರೀಲಿ ಅದರ ರೂಪ "ಅಯತೆಲ್ಲ", ಯೋಚಿಸು. ಅಯಾ ಧಾತುವಿಗೆ ಪ್ರತ್ಯಯಗಳು ಸೇರಿ ಆಗಿದ್ದು, ಕೊನೇಲಿರೋ ಎಲ್ಲ ಅನ್ನೋದು ಒಂದು ಕೆಲಸಾನ ಮತ್ತೆ ಮತ್ತೆ, ಅಲ್ಲಿ ಇಲ್ಲಿ ಮಾಡೋದನ್ನ ತೋರಿಸುತ್ತೆ. ನಮ್ಮಲ್ಲಿ ಆಡು ಸೇರಿಸ್ತೀವಲ್ಲ, ಓಡು ಓಡಾಡು, ಹಾರು ಹಾರಾಡು, ತೂಗು ತೂಗಾಡು, ಹೆಚ್ಚೂಕಮ್ಮಿ ಆ ಥರ. "ಅಯೆಲ್ಲ" ಅಂದ್ರೆ ಸುಮ್ಮನೆ ಗಾಡೀಲಿ ಸುತ್ತಾಡೋದು. ಅಯತೆಲ್ಲ ಅಂದ್ರೆ ಮನಸ್ಸಲ್ಲಿ ಅಟ್ಟಾಡೋದು, ವಿಷಯಗಳನ್ನ ಬೆನ್ನಟ್ಟಿ ಬೆನ್ನಟ್ಟಿ ಹೋಗೋದು. ವಿಚಾರಕ್ಕೆ "ಅಯತುಸ್". ಬರವಣಿಗೇಲಿ ಎಳೀತೀವಲ್ಲ ಉದ್ದ ಗೆರೆ, ಡ್ಯಾಶ್, ಅದಕ್ಕೆ ಅವರು "ಅಯತುಸ್‌ವೀವ" ಅಂತಾರೆ, ವಿಚಾರದ ಗೆರೆ. ಎಷ್ಟು ಚಂದ.

ಇಲ್ಲಿಗೆ ಬಂದಾಗ ನಾನು ನಿಜಕ್ಕೂ ಎದ್ದು ಕೋಣೆಯೊಳಗೆ ಓಡಾಡಿದೆ. ಯಾಕಂದ್ರೆ ಲ್ಯಾಟಿನಲ್ಲಿ ಯೋಚಿಸ್ತೀನಿ ಅನ್ನೋದಕ್ಕೆ "ಕೋಗಿತೊ". ಫ್ರೆಂಚ್ ತತ್ವಜ್ಞಾನಿ ದೆಕಾರ್ತ್ ಹೇಳಿದ್ದು ಎಲ್ಲರಿಗೂ ಗೊತ್ತು, ಯೋಚಿಸ್ತೀನಿ ಆದ್ದರಿಂದ ಇದ್ದೀನಿ, 1637ರಲ್ಲಿ ಫ್ರೆಂಚಲ್ಲಿ, 1644ರಲ್ಲಿ ಲ್ಯಾಟಿನಲ್ಲಿ. ಕೋಗಿತೊ ಅನ್ನೋದು ಕೋ ಪ್ಲಸ್ ಅಗಿತೊ, ಅಗಿತೊ ಅಂದ್ರೆ ಅಗೋದ ಮತ್ತೆ-ಮತ್ತೆ ರೂಪ. ಒಟ್ಟಿಗೆ ಅಟ್ಟಾಡ್ತೀನಿ! ಸಂತ ಅಗಸ್ಟೀನ್ ತನ್ನ ಆತ್ಮಕಥೇಲಿ ಇದೇ ಪದ ಬಿಡಿಸಿ ಹೇಳ್ತಾನೆ, ನೆನಪಲ್ಲಿ ಚೆದುರಿ ಬಿದ್ದಿರೋದನ್ನ ಅಟ್ಟಿ ಒಂದು ಕಡೆ ಕೂಡಿಸೋದೇ ಯೋಚನೆ ಅಂತ. ಚೆದುರಿದ ದನಗಳನ್ನ ಸಂಜೆ ಒಂದು ಕಡೆ ಹೊಡೆಯೋ ಕೆಲಸ ಅದು, ಸಮಜ. ಲ್ಯಾಟಿನಿನ ಕೋ ಬೇರೆ, ಸಂಸ್ಕೃತದ ಸಮ್ ಬೇರೆ, ಆದ್ರೆ ಹೇಳೋದು ಎರಡೂ ಒಟ್ಟಿಗೆ ಅಂತಲೇ, ಪಕ್ಕದಲ್ಲಿರೋ ಧಾತು ಒಂದೇ. ಒಂದು ಕಡೆ ಅದು ಸಮಾಜ ಆಯ್ತು, ಇನ್ನೊಂದು ಕಡೆ ಯೋಚನೆ ಆಯ್ತು. ಫಿನ್ನಿಶಲ್ಲಿ ದೆಕಾರ್ತನ ಮಾತು "ಅಯತ್ತೆಲೆನ್, ಸೀಸ್ ಒಲೆನ್". ಲ್ಯಾಟಿನ್ ನೋಡಿ ಕಾಪಿ ಮಾಡಿದ್ದಲ್ಲ, ಕಾಡಿನ ಬೇಟೆಗಾರರು ತಾವಾಗೇ ಅದೇ ದಾರಿ ತುಳಿದ್ರು, ಎರವಲು ತಂದ ಧಾತುವಿನಿಂದ ತಮ್ಮದೇ ಪ್ರತ್ಯಯ ಹಾಕಿ ತಮ್ಮದೇ ಯೋಚನೆಯ ಪದ ಕಟ್ಕೊಂಡ್ರು.

ಇನ್ನು ಕನ್ನಡ. ನಮಗೂ ಈ ಧಾತುವಿಗೂ ರಕ್ತಸಂಬಂಧ ಇಲ್ಲ, ಓಡು ಅಪ್ಪಟ ದ್ರಾವಿಡ. ಆದ್ರೂ ನಾವು ಏನಂತೀವಿ? ಗಾಡಿ ಓಡಿಸ್ತೀವಿ, ತಲೆ ಓಡಿಸ್ತೀವಿ. "ಸ್ವಲ್ಪ ತಲೆ ಓಡ್ಸು", "ಯಾಕೋ ಇವತ್ತು ತಲೇನೇ ಓಡ್ತಿಲ್ಲ". ಆ ಮೇಷ್ಟ್ರು ಹೇಳಿದ್ದನ್ನ ಕನ್ನಡಕ್ಕೆ ಪದಕ್ಕೆ ಪದ ತಂದ್ರೆ "ತಲೆ ಓಡಿಸ್ಬೇಡ, ಗಾಡಿ ಓಡ್ಸು" ಅಂತಾಗುತ್ತೆ, ಬೇರೆ ಯಾವ ಅನುವಾದವೂ ಇಷ್ಟು ಸರಿಯಾಗಿ ಕೂರಲ್ಲ ಅಂತ ನನ್ನ ನಂಬಿಕೆ.

ಅಯಾ ಕುಟುಂಬದಲ್ಲಿ ಒಂದು ನೋವಿನ ಪದವೂ ಇದೆ, ಅದನ್ನ ಬಿಟ್ಟು ಬರೆದ್ರೆ ಅರ್ಧ ಬರೆದ ಹಾಗೆ. "ಅಯೊಪೂ", ನೀರಲ್ಲಿ ತೇಲಿಕೊಂಡು ಹೋಗೋ ಮರದ ದಿಮ್ಮಿ, ಪ್ರವಾಹ ಓಡಿಸಿದ ಕಡೆ ಹೋಗೋದು. 1941ರಿಂದ 1944ರವರೆಗೆ ಫಿನ್‌ಲ್ಯಾಂಡ್ ಜರ್ಮನಿ ಪಕ್ಕದಲ್ಲಿ ನಿಂತು ಸೋವಿಯತ್ ಜೊತೆ ಯುದ್ಧ ಮಾಡ್ತು. ಯುದ್ಧ ಆದ್ಮೇಲೆ ಅವರ ಇತಿಹಾಸಕಾರರಲ್ಲಿ ಒಂದು ವಾದ ಬೇರು ಬಿಡ್ತು, ನಮ್ಮದು ಪುಟ್ಟ ದೇಶ, ದೊಡ್ಡ ಹೊಳೆಗೆ ಸಿಕ್ಕ ದಿಮ್ಮಿ ಥರ ಯುದ್ಧಕ್ಕೆ ತೇಲಿಕೊಂಡು ಹೋದ್ವಿ ಅಂತ. ಅದಕ್ಕೆ ಅಯೊಪೂ ಸಿದ್ಧಾಂತ ಅಂತಲೇ ಹೆಸರು. ಮೊದಲು ಹೊರದೇಶದ ಇತಿಹಾಸಕಾರರು ಅದನ್ನ ಒಪ್ಪಲಿಲ್ಲ, ಆಮೇಲೆ 1987ರಲ್ಲಿ ಮೌನೊ ಯೋಕಿಪೀ ಅನ್ನೋ ಅವರದೇ ಇತಿಹಾಸಕಾರ ದೊಡ್ಡ ಅಧ್ಯಯನದಲ್ಲಿ ಜರ್ಮನಿ ಜೊತೆ ಆಗಿದ್ದ ತಯಾರಿಗಳನ್ನೆಲ್ಲ ಎದುರಿಗೆ ಇಟ್ರು. ದೇಶ ತೇಲಿತೋ, ಯಾರಾದ್ರೂ ಓಡಿಸಿದ್ರೋ. ಒಂದು ಜನಾಂಗ ತನ್ನ ಅತಿ ಕಷ್ಟದ ಪ್ರಶ್ನೆ ಕೇಳ್ಕೊಳ್ಳೋಕೆ ಈ ಪದವನ್ನೇ ಆರಿಸ್ಕೊಂಡಿದ್ದು ನಂಗೆ ಬಹಳ ದೊಡ್ಡದು ಅನ್ಸುತ್ತೆ, ನಮ್ಮಲ್ಲೂ ಅಂಥ ಪ್ರಶ್ನೆಗಳನ್ನ ಅಷ್ಟು ನೇರವಾಗಿ ಕೇಳ್ಕೋಬೇಕು ಅನ್ಸುತ್ತೆ.

ಹೋದ ತಿಂಗಳು ಅಪ್ಪನಿಗೆ ಫೋನ್ ಮಾಡಿದ್ದೆ. ಅಪ್ಪ ಇರೋದು ಚನ್ನರಾಯಪಟ್ಟಣದ ಹತ್ರ ನಮ್ಮೂರಲ್ಲೇ, ನಾನು ಚಿಕ್ಕವಳಿದ್ದಾಗ ನಮ್ಮನೇಲಿ ಒಂದು ಜೋಡಿ ಹಳ್ಳಿಕಾರ್ ಎತ್ತು, ಗಾಡಿ ಎಲ್ಲಾ ಇತ್ತು. ಲೈಸೆನ್ಸ್ ಬಂದು ಎರಡು ವರ್ಷ ಆದ್ರೂ ಅಪ್ಪ ಪ್ರತೀ ಸಲ ಕೇಳೋದು ಒಂದೇ, "ಏನ್ ಪುಟ್ಟಿ, ಐಸ್ ಮ್ಯಾಲೆ ಗಾಡಿ ಹೊಡ್ಯಾಕೆ ಭಯ ಆಗಲ್ವಾ?" ಅಪ್ಪನಿಗೆ ಕಾರೂ ಹೊಡೆಯೋದೇ, ದನವೂ ಹೊಡೆಯೋದೇ. ನಾನು ಈ ಕಥೆ ಪೂರ್ತಿ ಹೇಳಿದೆ, ಸಮಜ ಸಮಾಜ, ಅಯಾ ಅಜತಿ ಎಲ್ಲಾ. ಅಪ್ಪ ಹೂಂ ಹೂಂ ಅಂತ ಕೇಳಿಸ್ಕೊಂಡು, "ಅದಿರ್ಲಿ, ದನ ಮನೆಗೆ ಹೊಡ್ಕೊಂಡ್ ಬಾ ಅನ್ನೋಕೆ ಅವ್ರು ಏನಂತಾರೆ?" ಅಂದ್ರು.

"ಅಯ ಲೆಹ್ಮ್ಯಾತ್ ಕೊತೀನ್, ಅಪ್ಪ."

"ಇನ್ನೊಂದ್ ಸಲ ಹೇಳು."

ಹೇಳಿದೆ. ಅಪ್ಪ ಫೋನ್ ಸ್ವಲ್ಪ ದೂರ ಹಿಡ್ಕೊಂಡು, ಹಟ್ಟಿ ಕಡೆ ತಿರುಗಿ, ಸಂಜೆ ಹೊತ್ತು ದನಗಳಿಗೆ ಕೂಗೋ ಅದೇ ರಾಗದಲ್ಲಿ ಎಳೆದು ಕೂಗಿದ್ದು ಕೇಳಿಸ್ತು. "ಅಯಾ..."